ಎರಡನೇ ಬದಿಯ ಕೊನೆಯ ಹಾಡು

ಮಾರ್ಚ್ 3, 1974, ಭಾನುವಾರ
ನ್ಯಾಶ್‌ವಿಲ್

ಈ ಪುಸ್ತಕ ಬ್ರೆಡ್ ಕಂಪನಿಯವರು ಹೊಸ ವರ್ಷಕ್ಕೆ ಎಸ್ಟಿಲ್‌ಗೆ ಪುಕ್ಕಟೆಯಾಗಿ ಕೊಟ್ಟದ್ದು. ಪ್ರತಿ ಹಾಳೆಯ ತಲೆಯ ಮೇಲೂ ಒಂದು ಬ್ರೆಡ್ಡಿನ ಚಿತ್ರ. ನನ್ನ ಗಂಡ ಹದಿನಾಲ್ಕು ವರ್ಷದಿಂದ ಅವರ ವ್ಯಾನು ಓಡಿಸುತ್ತಿದ್ದಾನೆ, ಒಂದು ದಿನವೂ ಒಂದಕ್ಷರ ಬರೆದವನಲ್ಲ. "ಅಲ್ಲಿ ಮಾತಾಡೋಕೆ ಯಾರೂ ಸಿಗಲ್ಲ ನಿಂಗೆ, ಇದ್ರ ಹತ್ರ ಮಾತಾಡು" ಎಂದು ಚೀಲದೊಳಗೆ ತುರುಕಿದ. ಕೆಂಟಕಿಯ ಗುಡ್ಡಗಳಿಂದ ಏಳು ಗಂಟೆ ವ್ಯಾನು ಓಡಿಸಿ ನನ್ನನ್ನು ಇಲ್ಲಿ ಇಳಿಸಿ, ಒಂದು ಲೋಟ ಕಾಫಿ ಕುಡಿದು ಹಾಗೇ ತಿರುಗಿ ಹೊರಟ. ನಾಳೆ ಬೆಳಿಗ್ಗೆ ಅಂಗಡಿಗಳಿಗೆ ಬ್ರೆಡ್ ಹಾಕಬೇಕಲ್ಲ. ಇಂಥ ಗಂಡ ಸಿಕ್ಕಿದ್ದು ನನ್ನ ಪುಣ್ಯ ಎಂದು ಅವನ ಮುಂದೆ ಹೇಳಿದರೆ ತಲೆ ಮೇಲೆ ಕೂತಾನು. ಇಲ್ಲಿ ಬರೆದಿಡುತ್ತೇನೆ.

ಮೂವತ್ತೆಂಟು ವರ್ಷದ ಶಾಲೆ ಅಡುಗೆಯವಳು ವೆರ್ನಾ ಕಾಡಿಲ್‌ಗೆ ಒಂದು ಇಡೀ ಎಲ್‌ಪಿ ರೆಕಾರ್ಡು! ಒಂದು ಬದಿಗೆ ಐದು, ಇನ್ನೊಂದು ಬದಿಗೆ ಐದು, ಒಟ್ಟು ಹತ್ತು ಹಾಡು. ನಮ್ಮೂರ ರೇಡಿಯೋದಲ್ಲಿ ನಾನು ಒಬ್ಬಳೇ ಗಿಟಾರ್ ಹಿಡಿದು ಹಾಡಿದ ಟೇಪನ್ನು ಇಲ್ಲಿಯ ರೆಕಾರ್ಡು ಕಂಪನಿಯ ಮಿಸ್ಟರ್ ಟಿಲರಿಯವರು ಎಲ್ಲಿಯೋ ಕೇಳಿ ಕಾಗದ ಬರೆದರು. ಅಷ್ಟು ದೊಡ್ಡವರು ನನ್ನಂಥವಳಿಗೆ ಕಾಗದ ಬರೆಯುವುದೆಂದರೆ! ರೆಕಾರ್ಡಿನ ಹಿಂಬದಿಯಲ್ಲಿ ಕೃತಜ್ಞತೆಗೆ ಆರು ಸಾಲು ಜಾಗವಿದೆಯಂತೆ, ಹೆಸರು ಬರೆದುಕೊಂಡು ಬನ್ನಿ ಎಂದಿದ್ದಾರೆ. ವ್ಯಾನಿನಲ್ಲೇ ಬರೆದೆ: ಕಂಪನಿಯವರು, ಮಿಸ್ಟರ್ ಟಿಲರಿಯವರು, ರೇಡಿಯೋದವರು, ರಜೆ ಕೊಟ್ಟ ಹೆಡ್‌ಮಿಸ್ಟ್ರೆಸ್, ಎಸ್ಟಿಲ್.

ಆರನೆಯದಾಗಿ ಅಕ್ಕ ಓವಾಳ ಹೆಸರು ಬರೆದು ಹೊಡೆದು ಹಾಕಿದೆ. ನನ್ನನ್ನು ಸಾಕಿ ಬೆಳೆಸಿದವಳು. ಆದರೆ ಆರು ವರ್ಷದಿಂದ ನನ್ನ ಜೊತೆ ಮಾತಿಲ್ಲ. ಆ ವರ್ಷ ಗುಡ್ಡದ ಮೇಲೆ ಅವ್ವನ ಸಮಾಧಿಯ ಹತ್ತಿರ ಅವಳನ್ನು ನೆನೆಯುವ ವರ್ಷದ ಕೂಟವಿತ್ತು. ಹಿಂದಿನ ದಿನ ನಾನು ಗಡಿಯಾಚೆ ವರ್ಜೀನಿಯಾದ ಬಿಯರ್ ಅಂಗಡಿಯೊಂದರಲ್ಲಿ ಹಾಡಿ, ಬಂದು ಮಲಗಿದವಳು ಏಳಲೇ ಇಲ್ಲ. ಎಚ್ಚರವಾಗುವ ಹೊತ್ತಿಗೆ ಕೂಟ ಮುಗಿದು ಜನ ಗುಡ್ಡ ಇಳಿದಿದ್ದರು. "ನೀನು, ನಿನ್ ಗಿಟಾರು, ಇಬ್ರೂ ನನ್ ಅಂಗಳ ತುಳೀಬೇಡಿ" ಎಂದಳು ಓವಾ. ತಪ್ಪು ನನ್ನದೇ.

ಮಾರ್ಚ್ 5, ಮಂಗಳವಾರ

ಸ್ಟುಡಿಯೋ ಎಂದರೆ ಅರಮನೆಯ ಹಾಗಿರುತ್ತದೆ ಅಂದುಕೊಂಡಿದ್ದೆ. ಗೋಡೆಗೆಲ್ಲ ಜಮಖಾನ ಹೊಡೆದ ಗೋಡೌನು. ಗಾಜಿನಾಚೆ ಮಿಸ್ಟರ್ ಟಿಲರಿಯವರು, ಈಚೆ ಐವರು ವಾದ್ಯದವರು. ಎಲ್ಲರೂ ನನ್ನ ಹಾಡು ಒಂದೇ ಸಲ ಕೇಳಿ ಹರಿದ ಕಾಗದದ ಮೇಲೆ ಒಂದು, ನಾಲ್ಕು, ಐದು, ಒಂದು ಎಂದು ಅಂಕಿ ಬರೆದುಕೊಂಡರು. ಎಸ್ಟಿಲ್ ಬ್ರೆಡ್ಡಿನ ಆರ್ಡರ್ ಬರೆಯುವುದು ಹೀಗೆಯೇ. ಅದೇ ಅವರ ಸ್ವರಲಿಪಿ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲೇ ಹಾಡು ಪೂರ್ತಿ ಅವರ ಬೆರಳಿಗೆ ಬಂದುಬಿಟ್ಟಿತ್ತು, ಏನು ಜನರಪ್ಪಾ!

ಬರದೇ ಇದ್ದದ್ದು ನನಗೆ. ಡ್ರಮ್ಮಿನವನು ಒಂದು ಎರಡು ಮೂರು ನಾಲ್ಕು ಎಣಿಸುತ್ತಾನೆ, ಎಲ್ಲರೂ ಹೊರಡುತ್ತಾರೆ, ನಾನು ಒಂದು ಉಸಿರು ತಡವಾಗಿ ಹೊರಡುತ್ತೇನೆ. ಪ್ರತಿ ಸಾಲಿಗೂ ಅದೇ ಕಥೆ. ಊರಿನಲ್ಲಿ ನನ್ನ ಗಿಟಾರು ನಾನೇ ಬಾರಿಸುತ್ತಿದ್ದೆನಲ್ಲ, ಅದೂ ನನ್ನ ಜೊತೆಯಲ್ಲೇ ತಡವಾಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಮಂಗಳವಾರದ ಬ್ರೆಡ್ಡು" ಹಾಡನ್ನು ಒಂಬತ್ತು ಸಲ ಹಾಡಿದೆ. ಮಿಸ್ಟರ್ ಟಿಲರಿಯವರು ಒಂಬತ್ತು ಸಲವೂ "ಇನ್ನೊಂದು ಸಲ, ಮಿಸೆಸ್ ಕಾಡಿಲ್" ಎಂದರು. ನಾನು ಒಂಬತ್ತು ಸಲವೂ ಕ್ಷಮಿಸಿ ಎಂದೆ. ಮೂರು ಗಂಟೆಯಲ್ಲಿ ನಾಲ್ಕು ಹಾಡು ಮುಗಿಯಬೇಕಿತ್ತು, ಒಂದೂ ಆಗಲಿಲ್ಲ.

ಕಾಲು ನೋಯುತ್ತಿದೆ. ಹಿಂದೆ ಒಂದು ಸ್ಟೂಲ್ ಇತ್ತು, ಯಾರೂ ಕೂರಲು ಹೇಳಲಿಲ್ಲ, ನಿಂತೇ ಇದ್ದೆ. ಆದರೂ ಯಾರೊಬ್ಬರೂ ಮುಖ ಸಿಂಡರಿಸಲಿಲ್ಲ. ಅವರ ಒಳ್ಳೆಯತನ.

ಮಾರ್ಚ್ 6, ಬುಧವಾರ

ರೂಮಿನ ಮಾಲಕಿ ಮಿಸೆಸ್ ಪೆಟಿಗ್ರೂ ಬೆಳಿಗ್ಗೆ ಬನ್ನಿನಂಥ ಮೆತ್ತನೆಯ ಬಿಸಿ ಬಿಸ್ಕತ್ತು ಮಾಡಿದ್ದರು. ಉಪ್ಪು ಜಾಸ್ತಿ. ಚೆನ್ನಾಗಿದೆ ಎಂದು ನಾಲ್ಕು ತಿಂದೆ.

ಮಾರ್ಚ್ 8, ಶುಕ್ರವಾರ

ಇವತ್ತು ಇನ್ನೂ ಹದಗೆಟ್ಟಿತು. ಬೇಗ ಹೊರಡಲು ಹೋಗಿ ಎಲ್ಲರಿಗಿಂತ ಮುಂಚೆ ಹೊರಟುಬಿಟ್ಟೆ, ಆಮೇಲೆ ಹಾಡಿನ ಮಾತೇ ಮರೆತೆ. ಕಾಲಲ್ಲಿ ಪೆಡಲ್ ಒತ್ತುತ್ತ ಸ್ಟೀಲ್ ಗಿಟಾರನ್ನು ಮಲಗಿಸಿ ನುಡಿಸುವ ಹಾಲಿಸ್ ಪ್ರೂಯಿಟ್ ಎನ್ನುವ ಬೋಳುತಲೆಯ ಮುದುಕ ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ತಲೆ ತಗ್ಗಿಸಿದೆ.

ಮುಗಿದ ಮೇಲೆ ಮಿಸ್ಟರ್ ಟಿಲರಿಯವರು ಒಳಗೆ ಕರೆದು ಕೂರಿಸಿ ಮೆತ್ತಗೆ ಹೇಳಿದರು. ಇನ್ನು ಮೂರು ಸಲ ಮಾತ್ರ ಸ್ಟುಡಿಯೋ ಇದೆ. ಮಂಗಳವಾರವೂ ಹೀಗೇ ಆದರೆ ಎಲ್‌ಪಿ ಇಲ್ಲ. ಆ ರೇಡಿಯೋ ಟೇಪಿನಿಂದಲೇ ಎರಡು ಹಾಡು ತೆಗೆದು ಒಂದು ಪುಟ್ಟ ರೆಕಾರ್ಡು ಹಾಕಿ ನನ್ನನ್ನು ಊರಿಗೆ ಕಳಿಸುತ್ತಾರೆ. "ನಿಮ್ಮ ದನಿಯಲ್ಲಿ ಕೊರತೆ ಇಲ್ಲ ಮಿಸೆಸ್ ಕಾಡಿಲ್. ಆದ್ರೆ ನೀವು ಯಾರಿಗೋ ಕಾಯ್ತಿರೋ ಹಾಗಿರುತ್ತೆ" ಎಂದರು. ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ. ಬಸ್ಸು ಹತ್ತಿದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಊರಿಗೆ ಓಡಿಸುತ್ತೇನೆ ಎಂದವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ!

ನಿಜ ಹೇಳಬೇಕೆಂದರೆ, ಪುಟ್ಟ ರೆಕಾರ್ಡಾದರೂ ಸಾಕಿತ್ತು, ಎಲ್‌ಪಿ ಓವಾಗಾಗಿ ಬೇಕಿತ್ತು. ಹತ್ತು ಹಾಡಿನ ರೆಕಾರ್ಡು ಕೈಲಿದ್ದರೆ ಅವಳ ಅಂಗಳಕ್ಕೆ ಕಾಲಿಡುವ ಧೈರ್ಯ ಬಂದೀತು ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ನೋಡು, ನಾನು ಬಿಯರ್ ಅಂಗಡಿಗೆ ಹೋದದ್ದು ಸುಮ್ಮನೆ ಅಲ್ಲ, ಎನ್ನಬಹುದಿತ್ತು.

ಮಾರ್ಚ್ 10, ಭಾನುವಾರ

ಇವತ್ತು ಮಧ್ಯಾಹ್ನ ಊಟಕ್ಕೆ ಯಾರು ಬಂದರು ಗೊತ್ತೇ? ಅದೇ ಹಾಲಿಸ್ ಮುದುಕ. ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಮಿಸೆಸ್ ಪೆಟಿಗ್ರೂ ಅವರ ಮನೆಯಲ್ಲೇ ಊಟವಂತೆ. ನಾನು ತಲೆ ಎತ್ತದೆ ಉಂಡೆ. ಊಟವಾದ ಮೇಲೆ ನಾನು ಪಾತ್ರೆ ತೊಳೆಯಲು ನಿಂತೆ, ಅವನು ಒರೆಸಲು ನಿಂತ. ಕೈ ನೀರಿನಲ್ಲಿದ್ದರೆ ನನಗೆ ಹಾಡು ತಾನಾಗಿ ಬರುತ್ತದೆ. ಯಾವುದೋ ಚರ್ಚಿನ ಹಾಡು ಗುನುಗುತ್ತಿದ್ದೆ.

"ತಡಿ ತಡಿ" ಎಂದ ಹಾಲಿಸ್. "ಯಾರ ಹತ್ರ ಮಾತಾಡ್ತೀಯಮ್ಮಾ ನೀನು? ಪ್ರತಿ ಸಾಲಿಗೂ ಮುಂಚೆ ನಿನ್ ತುಟಿ ಅಲ್ಲಾಡುತ್ತೆ, ಸದ್ದು ಬರಲ್ಲ. ಆಮೇಲೆ ಹಾಡ್ತೀಯ. ಸ್ಟುಡಿಯೋದಲ್ಲೂ ಅದೇ ನೋಡಿದೆ."

ನನಗೆ ನಂಬಿಕೆಯಾಗಲಿಲ್ಲ. ಅವನು ತಟ್ಟೆ ಕೆಳಗಿಟ್ಟು ನನ್ನ ಕೈಗೆ ಚಮಚ ಕೊಟ್ಟು, ಅದರಲ್ಲಿ ಮುಖ ನೋಡಿಕೊಂಡು ಹಾಡು ಎಂದ. ಹಾಡಿದೆ. ಹೌದು, ತುಟಿ ಅಲ್ಲಾಡುತ್ತಿತ್ತು!

ಆಗ ಎಲ್ಲ ಹೇಳಿದೆ. ನಮ್ಮ ಚರ್ಚಿನಲ್ಲಿ ವಾದ್ಯವೂ ಇಲ್ಲ, ಹಾಡಿನ ಪುಸ್ತಕವೂ ಎಲ್ಲರ ಕೈಲಿ ಇರುವುದಿಲ್ಲ. ಹಿರಿಯನೊಬ್ಬ ಎದ್ದು ಒಂದು ಸಾಲನ್ನು ಬೇಗ ಬೇಗ ಹೇಳಿಕೊಡುತ್ತಾನೆ. ಸಾಲು ಕೊಡುವುದು ಎನ್ನುತ್ತೇವೆ. ಅವನು ಕೊಟ್ಟ ಸಾಲನ್ನು ಎಲ್ಲರೂ ನಿಧಾನವಾಗಿ ಎಳೆದು ಹಾಡುತ್ತಾರೆ. ಆಮೇಲೆ ಮುಂದಿನ ಸಾಲು. ಮನೆಯಲ್ಲಿ ಸಾಲು ಕೊಡುತ್ತಿದ್ದವಳು ಓವಾ. ಪಾತ್ರೆ ತೊಳೆಯುವಾಗ, ಒಣಗಿಸಲು ಬೀನ್ಸ್ ನೂಲಿಗೆ ಪೋಣಿಸುವಾಗ, ನನ್ನ ತಲೆ ಬಾಚುವಾಗ. ಅವಳು ಕೊಡುತ್ತಿದ್ದಳು, ನಾನು ಎತ್ತಿಕೊಳ್ಳುತ್ತಿದ್ದೆ. ಚಿಕ್ಕವಳಿದ್ದಾಗ ಅವಳು ಕೊಡದೆ ನಾನು ಹಾಡಿದ್ದೇ ಇಲ್ಲ, ಈಗಲೂ ನನ್ನ ತುಟಿ ಮೊದಲು ಅವಳ ಸಾಲನ್ನು ಹೇಳಿಕೊಳ್ಳುತ್ತದೆ. ಡ್ರಮ್ಮಿನವನು ಎಣಿಸಿ ಮುಗಿಸಿದಾಗ ನಾನು ಸಾಲಿಗಾಗಿ ಕಾಯುತ್ತಿದ್ದೇನೆ! ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು. ಸೋಪಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಅತ್ತೆ.

ಹಾಲಿಸ್ ಹಲ್ಲುಕಡ್ಡಿ ಆಚೆ ಬದಿಗೆ ದಾಟಿಸಿದ. "ಅಕ್ಕ ಬರೋ ಹಾಗಿಲ್ಲ. ಹಂಗಾದ್ರೆ ಸಾಲು ನೀನೇ ಕೊಡು. ಮೊದಲ್ನೇ ಸಾಲು ಒಬ್ಳೇ ಹಾಡು, ವಾದ್ಯ ಬೇಡ, ಎಣಿಕೆ ಬೇಡ. ನಾವು ಐದು ಜನ ನಿನ್ ಹಿಂದೆ ಬರ್ತೀವಿ" ಎಂದ.

ನಾನು ಮುಂದೆ, ಅಂಥ ದೊಡ್ಡ ವಾದ್ಯಗಾರರು ಹಿಂದೆ! ನಗು ಬಂತು. ಆದರೂ ಆ ಮುದುಕನಿಗೆ ದೇವರು ಒಳ್ಳೆಯದು ಮಾಡಲಿ. ಎರಡು ದಿನ ನನ್ನ ಮುಖ ನೋಡಿದ್ದು ತಪ್ಪು ಹುಡುಕಲಿಕ್ಕಲ್ಲ.

ಮಾರ್ಚ್ 12, ಮಂಗಳವಾರ

ನಾಲ್ಕು ಹಾಡು! ಮೂರು ಗಂಟೆಯಲ್ಲಿ ನಾಲ್ಕು! ಹೊಟ್ಟೆಗೆ ಹಾಲು ಹೊಯ್ದಂತಾಗಿದೆ.

ಹೋದ ತಕ್ಷಣ ಸ್ಟೂಲ್ ಎಳೆದುಕೊಂಡು ಕುಳಿತೆ. ಡ್ರಮ್ಮಿನವನು ಕೋಲು ಎತ್ತಿದಾಗ "ಎಣಿಸಬೇಡಪ್ಪಾ" ಎಂದೆ. ಅವನು ಗಾಜಿನ ಕಡೆ ನೋಡಿದ. ಗಾಜಿನಾಚೆಯಿಂದ ರಾಯ್ಸ್ ಟಿಲರಿ ಅವರು ಏನದು ಎಂದರು. ಇವತ್ತು ಯಾರೂ ಎಣಿಸುವುದಿಲ್ಲ, ನಾನು ಹೊರಟ ಮೇಲೆ ಎಲ್ಲರೂ ಬರಲಿ ಎಂದೆ. ಹಾಲಿಸ್ ಮೇಲೆ ನೋಡದೆ ಕಾಲಿನ ಪೆಡಲ್ ಒರೆಸುತ್ತಿದ್ದ. ಕಣ್ಣು ಮುಚ್ಚಿ ಓವಾಳ ಬಾಯಿಯಿಂದ ಬರಬೇಕಾದ ಸಾಲನ್ನು ನನ್ನ ಬಾಯಿಯಿಂದಲೇ ಜೋರಾಗಿ ಕೊಟ್ಟೆ. ಕೊಟ್ಟ ಮೇಲೆ ಹಿಂದಿನಿಂದ ಸ್ಟೀಲು, ಬೇಸು, ಡ್ರಮ್ಮು ಎಲ್ಲ ಒಟ್ಟಿಗೆ ಬಂದು ಬೆನ್ನಿಗೆ ಕೈ ಕೊಟ್ಟ ಹಾಗೆ ನಿಂತವು.

"ಇನ್ನೊಂದು ಸಲ" ಎಂದು ಯಾರೂ ಹೇಳಲಿಲ್ಲ. ಒಂದು ಕಡೆ ನನಗೇ ಸಮಾಧಾನವಾಗದೆ ನಾನೇ ಹೇಳಿದೆ.

ಮಾರ್ಚ್ 15, ಶುಕ್ರವಾರ

ಇನ್ನೂ ಐದು. ಒಟ್ಟು ಒಂಬತ್ತು. ಎಲ್‌ಪಿ ಖಂಡಿತ ಎಂದ ರಾಯ್ಸ್. ಅವನೂ ಒಳ್ಳೆಯವನೇ, ಕೆಲಸದ ಒತ್ತಡ ಪಾಪ. ಮಿಸೆಸ್ ಪೆಟಿಗ್ರೂ ಅವರಿಗೆ ಬಿಸ್ಕತ್ತಿಗೆ ಉಪ್ಪು ಕಮ್ಮಿ ಹಾಕಿ ಎಂದು ಹೇಳಿದೆ, ಬೇಸರ ಮಾಡಿಕೊಳ್ಳಲಿಲ್ಲ.

ಮಾರ್ಚ್ 17, ಭಾನುವಾರ

ಎಸ್ಟಿಲ್ ನಿನ್ನೆ ರಾತ್ರಿ ಬಂದಿದ್ದ. ವ್ಯಾನಿನಿಂದ ಇಳಿದವನೇ ಒಂದು ಹಿಟ್ಟಿನ ಚೀಲ ಕೈಗಿಟ್ಟ. ಒಳಗೆ ನೂಲಿಗೆ ಪೋಣಿಸಿ ಒಣಗಿಸಿದ ಬೀನ್ಸ್, ಎರಡು ಮಾರು ಉದ್ದ. ಗಂಟು ನೋಡಿದರೆ ಸಾಕು, ಯಾರು ಪೋಣಿಸಿದ್ದು ಎಂದು ಗೊತ್ತಾಗುತ್ತದೆ. ಓವಾ ಕೊನೆಯಲ್ಲಿ ಎರಡು ಗಂಟು ಹಾಕಿ ಮೇಲೆ ಒಂದು ಕುಣಿಕೆ ಬಿಡುತ್ತಾಳೆ.

"ಏನಂದ್ಲು?" ಎಂದು ಕೇಳಿದೆ.

"ಏನೂ ಇಲ್ಲ. ಅಂಗಡಿ ಹತ್ರ ವ್ಯಾನಿಗೆ ಅಡ್ಡ ನಿಂತ್ಲು. ಊಟ ಮಾಡ್ತಾಳಾ ಅಂದ್ಲು. ಮಾಡ್ತಾಳೆ ಅಂದೆ. ಇದನ್ನ ಕೊಟ್ಟು ಹೋದ್ಲು."

"ಅಷ್ಟೇನಾ?"

"ಎರಡು ಬ್ರೆಡ್ಡೂ ತಗೊಂಡ್ಲು."

ನೆನೆಸಿಟ್ಟು, ಹಂದಿಯ ಕೊಬ್ಬಿನ ತುಂಡು ಹಾಕಿ ನಾಲ್ಕು ಗಂಟೆ ಬೇಯಿಸಿದೆ. ಮಿಸೆಸ್ ಪೆಟಿಗ್ರೂ ಮೊದಲು ಹಳೇ ಚಪ್ಪಲಿ ಬೇಯಿಸುತ್ತಿದ್ದೀಯಾ ಎಂದರು, ಆಮೇಲೆ ಮೂರು ಸಲ ಹಾಕಿಸಿಕೊಂಡರು. ಹಾಲಿಸ್ ಮೆಕ್ಕೆಜೋಳದ ಬ್ರೆಡ್ಡಿನಲ್ಲಿ ತಟ್ಟೆ ಒರೆಸಿ ತಿಂದ.

ಬೀನ್ಸ್ ಬೇಯುವ ವಾಸನೆಗೆ ಒಂದು ಹಳೆಯ ದಿನ ನೆನಪಿಗೆ ಬಂತು. ಅವ್ವ ತೀರಿಕೊಂಡ ದಿನ. ನನಗಾಗ ಐದು, ಓವಾಗೆ ಹದಿಮೂರು. ಅವ್ವ ಎಲ್ಲಿ ಎಂದು ಕೇಳಿದೆ. ಅವ್ವ ನೀರಿಗೆ ಹೋಗಿದ್ದಾಳೆ ಎಂದಳು ಓವಾ. ನಾನು ಮೆಟ್ಟಿಲ ಮೇಲೆ ಕೂತು ದಾರಿ ಕಾದೆ. ಬಕೆಟ್ಟು ಬಾವಿಕಟ್ಟೆಯ ಹತ್ತಿರವಲ್ಲ, ಬಾಗಿಲ ಹಿಂದೆಯೇ ಇತ್ತು. ನಾನು ನೋಡಿದ್ದೆ. ನೋಡಿದ್ದೆನೆಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಹತ್ತನೇ ಹಾಡು ಯಾವುದು ಎಂದು ತಿಳಿಯದೆ ತಲೆ ಕೆಡಿಸಿಕೊಂಡಿದ್ದೆ. ಪಾತ್ರೆ ತೊಳೆಯುತ್ತಲೇ ಎರಡು ಪದ್ಯ ಕಟ್ಟಿದೆ.

ಮಾರ್ಚ್ 19, ಮಂಗಳವಾರ

ರಾಯ್ಸ್‌ಗೂ ನನಗೂ ಇವತ್ತು ಜಟಾಪಟಿ.

ಹತ್ತನೇ ಹಾಡಿಗೆ ವಾದ್ಯ ಬೇಡ ಎಂದೆ. ಒಪ್ಪಿದ. ವಾದ್ಯದವರು ಕಾಫಿಗೆ ಹೋದರು, ಹಾಲಿಸ್ ಮಾತ್ರ ಕೂತಿದ್ದ. ರೆಕಾರ್ಡಿಂಗಿನ ದೀಪ ಹತ್ತಿದ ಕೂಡಲೇ "ನೀರಿಗೆ ಹೋದ ಅವ್ವ ಇನ್ನೂ ಬರಲಿಲ್ಲ" ಎಂದು ಸಾಲು ಕೊಟ್ಟೆ. ಕೊಟ್ಟು ಸುಮ್ಮನಾದೆ. ಚರ್ಚಿನಲ್ಲಿ ಆ ಸಾಲನ್ನು ಎಳೆದು ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ. ಆಮೇಲೆ ಎರಡನೇ ಸಾಲು, ಮತ್ತೆ ಅಷ್ಟೇ ಹೊತ್ತು. ಕೊನೆಯವರೆಗೂ ಹಾಗೆಯೇ.

ರಾಯ್ಸ್ ಎದ್ದು ಈಚೆಗೇ ಬಂದ. ನಡುವೆ ಏನೂ ಇಲ್ಲವಲ್ಲ, ಅಲ್ಲಿ ಹಿಮ್ಮೇಳದ ಹೆಂಗಸರನ್ನು ಹಾಕೋಣ, ಇಲ್ಲದಿದ್ದರೆ ಸ್ಟೀಲು ಹಾಕೋಣ ಎಂದ. ಬೇಡ ಎಂದೆ. ರೇಡಿಯೋದವರು ಮುಳ್ಳು ಸಿಕ್ಕಿಹಾಕಿಕೊಂಡಿದೆ ಎಂದು ರೆಕಾರ್ಡು ತೆಗೆದು ಬಿಸಾಡುತ್ತಾರೆ ಎಂದ. ಬಿಸಾಡಲಿ ಎಂದೆ. ಒಂದು ಹಾಡಿಗೋಸ್ಕರ ಇಡೀ ರೆಕಾರ್ಡು ಕೆಡಿಸುತ್ತೀಯಾ, ಕಂಪನಿಗೆ ನಾನೇನು ಹೇಳಲಿ ಎಂದು ದನಿ ಏರಿಸಿದ.

"ಅದು ಖಾಲಿ ಜಾಗ ಅಲ್ಲ ರಾಯ್ಸ್. ಅದು ಒಬ್ರ ಜಾಗ" ಎಂದೆ. "ಬೇರೆಯವರನ್ನ ಅಲ್ಲಿ ಕೂರಿಸೋದಾದ್ರೆ ಈ ಹಾಡು ಬೇಡ, ಒಂಬತ್ತೇ ಹಾಕು."

ಅವನು ಹಾಲಿಸ್ ಕಡೆ ತಿರುಗಿದ. "ನಾನು ನುಡಿಸಲ್ಲಪ್ಪಾ ಅಲ್ಲಿ, ನನ್ನ ನೋಡಬೇಡ" ಎಂದ ಹಾಲಿಸ್.

ರಾಯ್ಸ್ ಕೂದಲು ಕೆದರಿಕೊಂಡ. ಕೊನೆಗೆ ಎರಡನೇ ಬದಿಯ ಕಟ್ಟಕಡೆಗೆ ಹಾಕುತ್ತೇನೆ, ರೇಡಿಯೋದವರು ಅಲ್ಲಿಯವರೆಗೆ ಹೋಗುವುದೇ ಇಲ್ಲ, ಯಾರೂ ಕೇಳಲ್ಲ ಎಂದ. ಕೇಳಬೇಕಾದವರು ಒಬ್ಬರು ಕೇಳಿದರೆ ಸಾಕು ಎಂದುಕೊಂಡೆ. ಹೊರಡುವಾಗ ಅವನ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಈ ಸಲ ಮನಸಾರೆ ಹೇಳಿದ್ದು.

ಮೇ 9, ಗುರುವಾರ
ಮನೆ

ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಮಾಂಸದ ಉಂಡೆ ಮಾಡಿ ಬಂದು ಬರೆಯುತ್ತಿದ್ದೇನೆ. ರೆಕಾರ್ಡು ಕಂಪನಿಯವರು ಫೋಟೋ ತೆಗೆಯಲು ಬಂದಿದ್ದರು. ಒಣಹುಲ್ಲಿನ ಹೊರೆಯ ಮೇಲೆ ಕೂತು ತಲೆಗೆ ಹುಲ್ಲಿನ ಟೋಪಿ ಹಾಕಿಕೋ ಎಂದರು. ನಮ್ಮ ಕಡೆ ಯಾರೂ ಹುಲ್ಲಿನ ಮೇಲೆ ಕೂರುವುದಿಲ್ಲ, ಕೂತರೆ ತುರಿಸುತ್ತದೆ ಎಂದು ಹೇಳಿ ಶಾಲೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಏಪ್ರನ್ನಿನಲ್ಲೇ ನಿಂತೆ. ಚೆನ್ನಾಗಿ ಬಂದಿದೆ, ಹಿಂದೆ ನನ್ನ ದೊಡ್ಡ ಪಾತ್ರೆಯೂ ಬಂದಿದೆ.

ಕೃತಜ್ಞತೆಯ ಸಾಲು ಕಳಿಸಿದೆ. ಹಾಲಿಸ್, ವಾದ್ಯದವರೆಲ್ಲರೂ, ಮಿಸೆಸ್ ಪೆಟಿಗ್ರೂ, ಹೆಡ್‌ಮಿಸ್ಟ್ರೆಸ್, ರಾಯ್ಸ್, ಎಸ್ಟಿಲ್. ಓವಾಳ ಹೆಸರನ್ನು ಅಚ್ಚು ಹಾಕಿಸಿದರೆ ಅವಳು ನನ್ನನ್ನು ಜೀವಸಹಿತ ಬಿಡುವುದಿಲ್ಲ. ಅವಳದು ಹಿಂಬದಿಯಲ್ಲಿ ಬೇಡ, ಒಳಗೆ ಇದೆ.

ಜುಲೈ 19, ಶುಕ್ರವಾರ

ಡಬ್ಬಿ ಬಂತು. ಇಪ್ಪತ್ತೈದು ರೆಕಾರ್ಡು. ಎಸ್ಟಿಲ್ ಒಂದೊಂದನ್ನೂ ಹೊರತೆಗೆದು ಮೂಸಿ ನೋಡಿದ, ಬ್ರೆಡ್ಡಿನವನಲ್ಲವೇ. ನಾಳೆ ಓವಾಳ ಮನೆಗೆ ನಾನು ಕರೆದುಕೊಂಡು ಹೋಗುತ್ತೇನೆ, ಜಗಳವಾದರೆ ಬಿಡಿಸಲು ಒಬ್ಬರು ಬೇಕು ಎಂದ. ಬೇಡ, ವ್ಯಾನಿನ ಕೀಲಿ ಕೊಡು ಎಂದೆ. ನನ್ನನ್ನು ಒಂದು ಥರ ನೋಡಿ ಕೊಟ್ಟ.

ಜುಲೈ 20, ಶನಿವಾರ

ಬಂದವಳೇ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಓವಾ ಜಗಲಿಯ ಮೇಲೆ ಬೀನ್ಸ್ ಪೋಣಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಯಾರೂ ನನಗೆ ಹೇಳಿರಲಿಲ್ಲ. ಅಂಗಳದ ಅಂಚಿನಲ್ಲಿ ನಿಂತೆ, ಒಳಗೆ ಕಾಲಿಡಲಿಲ್ಲ.

"ಗಿಟಾರ್ ತಂದಿಲ್ಲ" ಎಂದೆ.

"ಕಾಣ್ಸುತ್ತೆ" ಎಂದಳು, ತಲೆ ಎತ್ತದೆ. ಆರು ವರ್ಷದ ನಂತರದ ಮೊದಲ ಮಾತು. "ಕೈಲಿರೋದೇನು?"

"ರೆಕಾರ್ಡು ಹಾಕೋ ಪೆಟ್ಟಿಗೆ. ಒಂದೇ ಹಾಡು. ಕೇಳಿ ಬೇಡ ಅಂದ್ರೆ ಹೊರಡ್ತೀನಿ."

ಅವಳು ಮೂರು ಬೀನ್ಸ್ ಪೋಣಿಸಿದಳು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು, "ವೈರು ಕಿಟಕೀಲಿ ತೂರ್ಸು. ಬಾಗಿಲು ತೆಗೆದ್ರೆ ನೊಣ ಬರ್ತವೆ" ಎಂದಳು.

ಅಂಗಳ ದಾಟಿದೆ. ಮೊದಲ ಬದಿ ಹಾಕಲಿಲ್ಲ. ತಿರುವಿ ಹಾಕಿ, ಮುಳ್ಳನ್ನು ಕೊನೆಯ ಹಾಡು ಶುರುವಾಗುವ ಕಡೆಗೆ ಇಳಿಸಿ ಮೆಟ್ಟಿಲ ಮೇಲೆ ಕುಳಿತೆ. ಅವ್ವನ ದಾರಿ ಕಾದ ಅದೇ ಮೆಟ್ಟಿಲು.

ನೀರಿಗೆ ಹೋದ ಅವ್ವ ಇನ್ನೂ ಬರಲಿಲ್ಲ, ಎಂದಿತು ಪೆಟ್ಟಿಗೆಯೊಳಗಿನ ನನ್ನ ದನಿ. ಸುಮ್ಮನಾಯಿತು. ಓವಾಳ ಸೂಜಿ ನಿಂತಿತು. ಮುಳ್ಳಿನ ಕಿರಕಿರ ಬಿಟ್ಟರೆ ಸದ್ದಿಲ್ಲ.

ಮೆಟ್ಟಿಲ ಮೇಲೆ ಕೂತೇ ಇದ್ದೇನೆ ನಾನು, ಎಂದಿತು ಎರಡನೇ ಸಾಲು. ಮತ್ತೆ ಸದ್ದಿಲ್ಲ. ಇವಳಿಗೆ ಇಷ್ಟವಾಗಲಿಲ್ಲ, ಎದ್ದು ಒಳಗೆ ಹೋಗುತ್ತಾಳೆ, ಎಲ್ಲ ಮುಗಿಯಿತು ಎಂದು ನಾನು ಅಂಗಿಯ ಅಂಚು ಹಿಂಡುತ್ತಿದ್ದೆ.

ಬಕೆಟ್ಟು ಕಂಡರೂ ಅಕ್ಕನ ಕೇಳಲಿಲ್ಲ, ಎಂದಿತು ಮೂರನೇ ಸಾಲು.

"ನೋಡಿದ್ಯಾ ನೀನು" ಎಂದಳು ಓವಾ. ಕೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ನಾನು ತಲೆಯಾಡಿಸಿದೆ.

ನೀರಿಗೆ ಹೋದವರು ತಡವಾಗಿ ಬರುವರು. ಇದು ಅವಳೇ ಆ ದಿನ ನನಗೆ ಹೇಳಿದ್ದ ಮಾತು. ದನಿ ನಿಂತಿತು. ಆ ಖಾಲಿ ಜಾಗಕ್ಕೆ ನನ್ನ ಬೆನ್ನ ಹಿಂದಿನಿಂದ ಓವಾ ಬಂದಳು. ದನಿ ಒಡೆದಿದೆ, ಮೇಲಿನ ಸ್ವರ ಹತ್ತಲಿಲ್ಲ, ಆದರೂ ಒಂದೊಂದು ಅಕ್ಷರವನ್ನೂ ಚರ್ಚಿನ ಹಾಗೇ ಎಳೆದು, ತಿರುಗಿಸಿ, ಮುಗಿಸಿದಳು. ಅವಳು ಮುಗಿಸುವುದಕ್ಕೂ ಮುಂದಿನ ಸಾಲು ಬರುವುದಕ್ಕೂ ಸರಿಹೋಯಿತು. ಎರಡನೇ ಪದ್ಯ ಪೂರ್ತಿ, ನಾಲ್ಕು ಸಾಲೂ, ರೆಕಾರ್ಡಿನಲ್ಲಿ ನಾನು ಕೊಟ್ಟೆ, ಅವಳು ಎತ್ತಿಕೊಂಡಳು. ನಾನು ಬಾಯಿ ಬಿಡಲಿಲ್ಲ. ಬಿಡುವ ಸ್ಥಿತಿಯಲ್ಲೂ ಇರಲಿಲ್ಲ, ಕಣ್ಣೀರು ಮೂಗೆಲ್ಲ ಒಂದಾಗಿತ್ತು.

ಹಾಡು ಮುಗಿದು ಮುಳ್ಳು ಸುಮ್ಮನೆ ಸುತ್ತುತ್ತಿತ್ತು. ಓವಾ ನೂಲಿನ ಇನ್ನೊಂದು ತುದಿಗೆ ಇನ್ನೊಂದು ಸೂಜಿ ಪೋಣಿಸಿ, ನನ್ನ ಕಡೆ ನೋಡದೆ ಅದನ್ನು ನನ್ನ ತೊಡೆಯ ಮೇಲೆ ಹಾಕಿದಳು.

"ಎರಡ್ನೇ ಪದ್ಯ ಒಂದು ಉಸಿರು ಬೇಗ ಕೊಟ್ಟೆ ನೀನು" ಎಂದಳು. "ಯಾವಾಗ್ಲೂ ಅವಸರ ನಿಂಗೆ. ಇನ್ನೊಂದ್ಸಲ ಹಾಕು."

ಹಾಕಿದೆ.